ನೀರಿನ ಟ್ಯೂಬಿನಲ್ಲಿ ಕಂಡ ಗೆರೆ

ಬೇಸಿಗೆ ಬಂತೆಂದರೆ ನಮ್ಮ ಲ್ಯಾಬಿಗೆ ಪದವಿ ಓದುವ ಒಬ್ಬಿಬ್ಬರು ತರಬೇತಿಗೆಂದು ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಹಾಗೆ ಬಂದಿದ್ದ ಹುಡುಗಿಯೊಬ್ಬಳು ಮೂರನೆಯ ವಾರದ ಒಂದು ಸಂಜೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಜೆಲ್ ಫೋಟೊ. ಒಳಗೆ ಬರಲೋ ಬೇಡವೋ ಎಂಬ ಮುಖ.

"ಮೇಡಂ, ನೀರಿನ ಟ್ಯೂಬಿನಲ್ಲೂ ಬ್ಯಾಂಡ್ ಬಂದಿದೆ."

ಈ ಕ್ಷೇತ್ರದವರಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಿಸಿಆರ್ ಎಂದರೆ ಡಿಎನ್‌ಎಯ ಒಂದು ತುಣುಕನ್ನು ಪ್ರತಿ ಸುತ್ತಿಗೂ ಎರಡರಷ್ಟು ಮಾಡುತ್ತಾ ಹೋಗುವ ವಿಧಾನ. ಲೆಕ್ಕದ ಪ್ರಕಾರ 30 ಸುತ್ತು ಮುಗಿಯುವಷ್ಟರಲ್ಲಿ ಒಂದು ಅಣು ನೂರು ಕೋಟಿ ದಾಟಿರುತ್ತದೆ. ಎಲ್ಲಿಂದಲೋ ಸಿಡಿದು ಬಂದ ಒಂದು ಕಣವೂ ಇಲ್ಲಿ ದೊಡ್ಡ ಸಂಸಾರವಾಗಿ ಬೆಳೆಯಬಲ್ಲದು. ಅದಕ್ಕೇ ಪ್ರತಿ ಸಲವೂ ಒಂದು ಟ್ಯೂಬಿಗೆ ಡಿಎನ್‌ಎ ಬದಲು ಬರೀ ನೀರು ಹಾಕಿ ಇಡುತ್ತೇವೆ. ಕೊನೆಗೆ ಎಲ್ಲ ಟ್ಯೂಬುಗಳದನ್ನೂ ಜೆಲ್ ಎಂಬ ಲೋಳೆಯಂಥ ಹಲಗೆಯಲ್ಲಿ ಒಂದೊಂದು ಸಾಲಾಗಿ ಓಡಿಸಿದರೆ, ಡಿಎನ್‌ಎ ಇರುವಲ್ಲಿ ಗೆರೆ, ಅಂದರೆ ಬ್ಯಾಂಡ್, ಕಾಣುತ್ತದೆ. ನೀರಿನ ಸಾಲು ಖಾಲಿ ಇರಬೇಕು. ಅಲ್ಲಿ ಗೆರೆ ಕಂಡರೆ ಎಲ್ಲೋ ಕಲಬೆರಕೆಯಾಗಿದೆ ಎಂದೇ ಅರ್ಥ, ಉಳಿದ ಸಾಲುಗಳನ್ನೂ ನಂಬುವಂತಿಲ್ಲ.

ಫೋಟೊವನ್ನು ನೋಟ್‌ಬುಕ್ಕಿಗೆ ಏಕೆ ಅಂಟಿಸಿಲ್ಲ ಎಂದು ಕೇಳಿದೆ. "ಇದು ಬೇಡ ಮೇಡಂ, ನಾಳೆ ಮತ್ತೆ ಮಾಡಿ ಸರಿಯಾದದ್ದನ್ನು ಅಂಟಿಸುತ್ತೇನೆ" ಎಂದಳು. ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ಹೀಗಾದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಒಂದಿಷ್ಟೂ ಸಂಕೋಚವಿಲ್ಲದೆ "ಪಕ್ಕದ ಬ್ಯಾಚಿನವರ ರೀಡಿಂಗ್ ಬರೆದುಕೊಳ್ಳುತ್ತೇವೆ" ಎಂದಳು.

ನಾನು ನಕ್ಕುಬಿಟ್ಟೆ. ನಾನೂ ಅದನ್ನೇ ಮಾಡಿದವಳು.

ಸಂಶೋಧನೆ ನಡೆಯದ, ಪಾಠ ಹೇಳುವುದಕ್ಕೇ ಮೀಸಲಾದ ಕಾಲೇಜುಗಳ ಬಗ್ಗೆ ಹೇಳುತ್ತಿದ್ದೇನೆ. ನಾನು ಅವನ್ನು ಪಾಠದ ಕಾಲೇಜುಗಳು ಎನ್ನುತ್ತೇನೆ, ತಾತ್ಸಾರದಿಂದಲ್ಲ. ಅಂಥದ್ದೊಂದರಲ್ಲೇ ಓದಿದ್ದೇನೆ. ಅಲ್ಲಿ ಮೇಷ್ಟರಿಗೆ ನಮ್ಮೆಲ್ಲರ ಹೆಸರು ಗೊತ್ತಿತ್ತು, ಕೋಶ ವಿಭಜನೆಯ ಪಾಠ ಅರ್ಥವಾಗದಿದ್ದರೆ ಮೂರನೆಯ ಸಲವೂ ಹೇಳುತ್ತಿದ್ದರು. ಜೈವಿಕ ತಂತ್ರಜ್ಞಾನದ ಮೂಲಪಾಠಗಳನ್ನು ದೊಡ್ಡ ವಿಶ್ವವಿದ್ಯಾಲಯದಿಂದ ಬಂದವರಿಗಿಂತ ಇಂಥ ಕಡೆಯಿಂದ ಬಂದವರು ಗಟ್ಟಿಯಾಗಿ ಕಲಿತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಜೀನುಗಳನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರಕ್ಕಾಗಿ 2020ರಲ್ಲಿ ನೊಬೆಲ್ ಪಡೆದ ಜೆನಿಫರ್ ಡೌಡ್ನಾ ಪದವಿ ಓದಿದ್ದು ಅಮೆರಿಕದ ಪೊಮೋನಾ ಕಾಲೇಜಿನಲ್ಲಿ. ಆರ್‌ಎನ್‌ಎ ಕೂಡ ಕಿಣ್ವದ ಕೆಲಸ ಮಾಡಬಲ್ಲದು ಎಂದು ತೋರಿಸಿ 1989ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಥಾಮಸ್ ಚೆಕ್ ಓದಿದ್ದು ಗ್ರಿನೆಲ್ ಕಾಲೇಜಿನಲ್ಲಿ. ಎರಡೂ ಪದವಿ ಪಾಠಕ್ಕೆ ಹೆಸರಾದ ಸಣ್ಣ ಕಾಲೇಜುಗಳು.

ಹಾಗಾದರೆ ಕೊರತೆ ಯಾವುದು? ಯಂತ್ರಗಳದು ಎಂದು ಎಲ್ಲರೂ ಹೇಳುತ್ತಾರೆ. ಯಂತ್ರಗಳದೂ ಹೌದು. ಆದರೆ ನನ್ನ ಕಾಲೇಜಿನಲ್ಲಿ ಒಂದೂ ಇರದಿದ್ದುದು ಬೇರೆ: ಮೇಷ್ಟರಿಗೂ ಉತ್ತರ ಗೊತ್ತಿಲ್ಲದ ಪ್ರಯೋಗ. ಪ್ರಾಕ್ಟಿಕಲ್ ಎಂದರೆ ಶುರುವಾಗುವ ಮೊದಲೇ ಮುಗಿದ ಕೆಲಸ. ಫಲಿತಾಂಶ ಕೈಪಿಡಿಯಲ್ಲಿದೆ, ನಾವು ಅದಕ್ಕೆ ಹೊಂದುವಂತೆ ಅಂಕಿ ಬರೆಯಬೇಕು. ಮೂರು ವರ್ಷ ಹೀಗೆ ಕಲಿತವರಿಗೆ ನೀರಿನ ಟ್ಯೂಬಿನ ಗೆರೆ ಸುದ್ದಿಯಾಗಿ ಕಾಣುವುದಿಲ್ಲ, ತಪ್ಪಾಗಿ ಕಾಣುತ್ತದೆ. ಬೇಸಿಗೆ ತರಬೇತಿ ಬೇರೇನೂ ಮಾಡದಿದ್ದರೂ ಸರಿ, ಈ ಅಭ್ಯಾಸವನ್ನು ಬಿಡಿಸಬೇಕು. ಬಹುಪಾಲು ತರಬೇತಿಗಳು ಬಿಡಿಸುತ್ತಿಲ್ಲ ಎಂಬುದೇ ನನ್ನ ತಕರಾರು.

ನನ್ನದೇ ಕಥೆ ಹೇಳುತ್ತೇನೆ. ಎರಡನೆಯ ವರ್ಷದ ಬೇಸಿಗೆಯಲ್ಲಿ ನನಗೂ ಒಂದು ದೊಡ್ಡ ಲ್ಯಾಬಿನಲ್ಲಿ ಆರು ವಾರದ ಅವಕಾಶ ಸಿಕ್ಕಿತ್ತು. ಆನಂದಕ್ಕೆ ಪಾರವೇ ಇರಲಿಲ್ಲ. ಮೊದಲ ವಾರ ಫ್ಲಾಸ್ಕ್ ತೊಳೆದೆ. ಎರಡನೆಯ ವಾರ ಟ್ಯೂಬುಗಳಿಗೆ ಲೇಬಲ್ ಬರೆದೆ. ಮೂರನೆಯ ವಾರ ಒಬ್ಬ ಹಿರಿಯ ಸಂಶೋಧಕರ ಹಿಂದೆ ನಿಂತು ಅವರ ಹೆಗಲ ಮೇಲಿಂದ ನೋಡಿದೆ. ಆಮೇಲಿನ ಎರಡು ವಾರ ಮತ್ತೆ ಲೇಬಲ್. ಕೊನೆಯ ವಾರ ಬೇರೆಯವರ ಗ್ರಾಫ್ ಒಂದನ್ನು ನನ್ನ ಕೈಗಿಟ್ಟು ಪೋಸ್ಟರ್ ಮಾಡು ಎಂದರು. ಮಾಡಿದೆ. ಪೋಸ್ಟರಿನ ಮುಂದೆ ನಿಂತು ಅರ್ಥವಾಗದ ದತ್ತಾಂಶವನ್ನು ವಿವರಿಸಿದೆ, ಚಪ್ಪಾಳೆಯೂ ಬಿತ್ತು. ಫ್ಲಾಸ್ಕ್ ತೊಳೆಯುವುದು ಕೀಳು ಕೆಲಸವಲ್ಲ, ಇಂದಿಗೂ ತೊಳೆಯುತ್ತೇನೆ. ಆದರೆ ಆ ಆರು ವಾರಗಳಲ್ಲಿ ಒಬ್ಬರೂ ಒಂದು ಸಲವೂ "ನಿನಗೇನು ಅನ್ನಿಸುತ್ತದೆ?" ಎಂದು ಕೇಳಲಿಲ್ಲ. ಪ್ರಮಾಣಪತ್ರ ಇನ್ನೂ ಕಡತದಲ್ಲಿದೆ. ಅಕ್ಷರಗಳು ಬಂಗಾರದ ಬಣ್ಣದವು.

ಪದವಿ ವಿದ್ಯಾರ್ಥಿಗಳಿಂದ ಇಷ್ಟೇ ಸಾಧ್ಯ ಎನ್ನುವವರಿಗೆ ನಾನು ಪಿಸಿಆರ್ ಟ್ಯೂಬನ್ನೇ ತೋರಿಸುತ್ತೇನೆ. ಅದರೊಳಗೆ ಡಿಎನ್‌ಎಯ ನಕಲು ಮಾಡುವ ಟ್ಯಾಕ್ ಕಿಣ್ವ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯದ್ದು. 1966ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಥಾಮಸ್ ಬ್ರಾಕ್ ಅವರು ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಗಳಿಂದ ಮಾದರಿ ತಂದಾಗ, ಅವುಗಳಲ್ಲಿ ಒಂದರಿಂದ ಈ ಜೀವಿಯನ್ನು ಬೇರ್ಪಡಿಸಿ ಬೆಳೆಸಿದ ಹಡ್ಸನ್ ಫ್ರೀಜ್ ಆಗಿನ್ನೂ ಪದವಿ ವಿದ್ಯಾರ್ಥಿ. 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೆಮ್ಮದಿಯಾಗಿ ಬೆಳೆಯುವ ಜೀವಿ! ಇಬ್ಬರೂ 1969ರಲ್ಲಿ ಅದನ್ನು ಪ್ರಕಟಿಸಿದರು. ಆಗ ಅದರಿಂದ ಯಾರಿಗೇನು ಉಪಯೋಗ ಎಂದು ಕೇಳಿದ್ದರೆ ಉತ್ತರವಿರಲಿಲ್ಲ. 1983ರಲ್ಲಿ ಕ್ಯಾರಿ ಮುಲ್ಲಿಸ್‌ಗೆ ಪಿಸಿಆರ್ ಹೊಳೆಯಿತು. ಆದರೆ ಡಿಎನ್‌ಎಯ ಎಳೆಗಳನ್ನು ಬಿಡಿಸಲು ಪ್ರತಿ ಸುತ್ತಿನಲ್ಲೂ ಟ್ಯೂಬನ್ನು ಬಿಸಿ ಮಾಡಬೇಕು, ಆಗ ಬಳಸುತ್ತಿದ್ದ ಕಿಣ್ವ ಆ ಬಿಸಿಗೆ ಸತ್ತುಹೋಗುತ್ತಿತ್ತು, ಪ್ರತಿ ಸುತ್ತಿಗೂ ಹೊಸದಾಗಿ ಹಾಕಬೇಕಿತ್ತು. ಬುಗ್ಗೆಯ ಬ್ಯಾಕ್ಟೀರಿಯದ ಕಿಣ್ವ ಬಂದ ಮೇಲೆ ಒಮ್ಮೆ ಹಾಕಿ ಮುಚ್ಚಳ ಮುಚ್ಚಿದರೆ ಮುಗಿಯಿತು. ಪಿಸಿಆರ್ ಮಾಡುವ ಲ್ಯಾಬುಗಳೆಲ್ಲ ಇಂದಿಗೂ ಒಬ್ಬ ಪದವಿ ವಿದ್ಯಾರ್ಥಿಯ ಋಣದಲ್ಲಿವೆ. ಅವನಿಗೂ ಯಾರೋ ಬರೀ ಲೇಬಲ್ ಬರೆಯುವ ಕೆಲಸ ಕೊಟ್ಟಿದ್ದರೆ?

ಇನ್ನೊಂದು ನನಗೆ ಬಹಳ ಇಷ್ಟವಾದ ಸಂಗತಿ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಬೇಸಿಗೆ ತರಬೇತಿ ಬಹಳ ಹಿಂದಿನಿಂದ ನಡೆದುಬಂದಿದೆ. 1950ರ ದಶಕದಲ್ಲಿ ಹೈಸ್ಕೂಲು ಹುಡುಗ ಡೇವಿಡ್ ಬಾಲ್ಟಿಮೋರ್ ಅಲ್ಲಿಗೆ ಹೋದಾಗ ಹೊವಾರ್ಡ್ ಟೆಮಿನ್ ಪರಿಚಯವಾದದ್ದು. ಇಬ್ಬರೂ ಓದಿದ್ದು ಸ್ವಾರ್ಥ್‌ಮೋರ್ ಎಂಬ ಸಣ್ಣ ಪದವಿ ಕಾಲೇಜಿನಲ್ಲಿ. 1970ರಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಕೆಲಸ ಮಾಡುತ್ತಾ ಒಂದೇ ಕಿಣ್ವವನ್ನು ಕಂಡುಹಿಡಿದರು: ಆರ್‌ಎನ್‌ಎಯಿಂದ ಡಿಎನ್‌ಎ ಬರೆಯುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. 1975ರ ನೊಬೆಲ್ ಹಂಚಿಕೊಂಡವರಲ್ಲಿ ಇಬ್ಬರೂ ಇದ್ದರು. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಮಾಡಿಸಿದ ಆರ್‌ಟಿ ಪಿಸಿಆರ್ ಪರೀಕ್ಷೆಯ 'ಆರ್‌ಟಿ' ಇದೇ. ಬೇಸಿಗೆಗೊಬ್ಬ ಬಾಲ್ಟಿಮೋರ್ ಹುಟ್ಟುತ್ತಾನೆ ಎಂದು ಇದನ್ನು ಹೇಳುತ್ತಿಲ್ಲ. ನನ್ನಲ್ಲಿಗೆ ಬಂದವರಲ್ಲಿ ಒಬ್ಬ ಈಗ ಬ್ಯಾಂಕಿನಲ್ಲಿದ್ದಾನೆ, ಸುಖವಾಗಿದ್ದಾನೆ.

ಇನ್ನು ಆಯ್ಕೆಯ ವಿಚಾರ. ಇದರ ಬಗ್ಗೆ ಬರೆಯಲು ಕುಳಿತರೆ ನನಗೆ ಸಿಟ್ಟೇ ಬರುತ್ತದೆ.

ಪಾಠದ ಕಾಲೇಜಿನವರಿಗಾಗಿ ಎಂದು ಹೇಳಿಕೊಳ್ಳುವ ತರಬೇತಿಗಳ ಅರ್ಜಿಯಲ್ಲೂ ಒಂದು ಅಂಕಣ ಇರುತ್ತದೆ: ಹಿಂದಿನ ಸಂಶೋಧನಾ ಅನುಭವ. ಅನುಭವ ಇಲ್ಲವೆಂದೇ ತಾನೇ ಅರ್ಜಿ ಹಾಕುತ್ತಿರುವುದು? ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಅರ್ಜಿ ನಮೂನೆಯಾಗಿ ಅಚ್ಚು ಹಾಕಿಸಿದಂತಿದೆ. ಶಿಫಾರಸು ಪತ್ರದ ಕಥೆಯೂ ಅಷ್ಟೇ. ಸಂಶೋಧನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ವರ್ಷಕ್ಕೆ ಇಪ್ಪತ್ತು ಪತ್ರ ಬರೆದು ಪಳಗಿದವರು, ಯಾವ ಮಾತಿಗೆ ಯಾರ ಹುಬ್ಬು ಮೇಲೇರುತ್ತದೆ ಎಂದು ಬಲ್ಲವರು. ದಿನವಿಡೀ ತರಗತಿ ತೆಗೆದುಕೊಂಡು, ನಡುವೆ ಉತ್ತರಪತ್ರಿಕೆ ತಿದ್ದುವ ಉಪನ್ಯಾಸಕರು "ಒಳ್ಳೆಯ ವಿದ್ಯಾರ್ಥಿ, ನಡತೆ ಉತ್ತಮ" ಎಂದು ಎರಡು ಸಾಲು ಬರೆದು ಸಹಿ ಹಾಕುತ್ತಾರೆ. ಆಯ್ಕೆ ಸಮಿತಿ ಅಳೆಯುತ್ತಿರುವುದು ವಿದ್ಯಾರ್ಥಿಯನ್ನೋ, ಪತ್ರ ಬರೆದವರನ್ನೋ? ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1987ರಲ್ಲಿ ಶುರು ಮಾಡಿದ ಪದವಿ ವಿದ್ಯಾರ್ಥಿಗಳ ಸಂಶೋಧನಾನುಭವ ಯೋಜನೆ ಈ ವಿಷಯದಲ್ಲಿ ಒಂದು ಒಳ್ಳೆಯ ಷರತ್ತು ಇಟ್ಟಿದೆ: ತರಬೇತಿ ನಡೆಸುವ ಸಂಸ್ಥೆ ತನ್ನ ಮಕ್ಕಳನ್ನೇ ತುಂಬಿಕೊಳ್ಳುವಂತಿಲ್ಲ, ಸಂಶೋಧನೆಗೆ ಅವಕಾಶ ಕಡಿಮೆ ಇರುವ ಕಡೆಯ ವಿದ್ಯಾರ್ಥಿಗಳನ್ನು ಹುಡುಕಿ ಕರೆತರಬೇಕು. ಹುಡುಕಿ ಎಂಬ ಮಾತು ಮುಖ್ಯ. ಪ್ರಕಟಣೆ ಅಂಟಿಸಿ ಕಾಯುತ್ತಾ ಕುಳಿತರೆ ಬರುವವರು ಹೇಗೂ ಬರುವವರೇ.

ಶಿಷ್ಯವೇತನವಿಲ್ಲದ ತರಬೇತಿಯ ಬಗ್ಗೆ ಒಂದೇ ಮಾತು. ರಜೆಯಲ್ಲಿ ದುಡಿದು ಮುಂದಿನ ಶುಲ್ಕ ಕಟ್ಟುವವರು ಅಂಥದ್ದಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ, ಅವರ ಗೈರುಹಾಜರಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಾನು ಈಗ ಅರ್ಜಿದಾರರಿಂದ ಹತ್ತು ಸಾಲು ಮಾತ್ರ ಬರೆಸುತ್ತೇನೆ. ಪ್ರಾಕ್ಟಿಕಲ್‌ನಲ್ಲಿ ಕೈಪಿಡಿ ಹೇಳಿದಂತೆ ಆಗದೇ ಹೋದ ಒಂದು ಸಂಗತಿ, ಆಗ ನೀವು ಮಾಡಿದ್ದೇನು? ಹೆಚ್ಚಿನವರು ವಿಜ್ಞಾನದ ಮೇಲಿನ ಬಾಲ್ಯದ ಪ್ರೀತಿಯ ಬಗ್ಗೆ ಬರೆಯುತ್ತಾರೆ. ಆ ಹುಡುಗಿ ಬರೆದಿದ್ದಳು: ಈರುಳ್ಳಿ ಬೇರಿನ ತುದಿಯಲ್ಲಿ ವಿಭಜನೆಯಾಗುತ್ತಿರುವ ಕೋಶ ಒಂದೂ ಕಾಣಲಿಲ್ಲ, ರೆಕಾರ್ಡಿನಲ್ಲಿ ಚಿತ್ರ ನೋಡಿ ಬರೆದೆ, ಆಮೇಲೆ ಮನಸ್ಸು ತಡೆಯದೆ ಬೇರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಕತ್ತರಿಸಿ ನೋಡಿದೆ, ಬೆಳಿಗ್ಗೆ ಕತ್ತರಿಸಿದ್ದರಲ್ಲಿ ಕಂಡವು. ಅಂಕಪಟ್ಟಿ ನೋಡುವ ಮೊದಲೇ ಅವಳ ಹೆಸರಿಗೆ ಗುರುತು ಹಾಕಿದ್ದೆ.

ಬಂದ ಮೇಲೆ ಅವಸರ ಮಾಡಬಾರದು. ಮೊದಲ ಎರಡು ವಾರ ಕೈ ಪಳಗುವುದಕ್ಕೇ ಬೇಕು. ಮೈಕ್ರೊಪಿಪೆಟ್ಟಿನ ಗುಂಡಿಯನ್ನು ಒತ್ತುವಾಗ ಎರಡು ಕಡೆ ತಡೆ ಸಿಗುತ್ತದೆ. ದ್ರವ ಹೀರುವಾಗ ಮೊದಲ ತಡೆಯವರೆಗೆ ಮಾತ್ರ ಒತ್ತಬೇಕು, ಹೊರಹಾಕುವಾಗ ಎರಡನೆಯದರವರೆಗೆ. ಹೊಸಬರು ಹೀರುವಾಗಲೇ ಎರಡನೆಯದನ್ನು ದಾಟಿ ಹೆಚ್ಚು ತುಂಬಿಕೊಳ್ಳುತ್ತಾರೆ. ಜೆಲ್‌ನ ಗುಳಿಯೊಳಕ್ಕೆ ನೀಲಿ ಬಣ್ಣ ಬೆರೆಸಿದ ಮಾದರಿ ಇಳಿಸುವಾಗ ಕೈ ನಡುಗುತ್ತದೆ, ತುದಿ ತಳಕ್ಕೆ ಚುಚ್ಚಿ ಅರ್ಧ ದಿನದ ಕೆಲಸ ಜೆಲ್ ಮುಳುಗಿರುವ ಬಫರ್ ದ್ರಾವಣದಲ್ಲಿ ಹೊಗೆಯಂತೆ ಹರಡಿಹೋಗುತ್ತದೆ. ಹೋಗಲಿ. ಮೊಣಕೈಯನ್ನು ಮೇಜಿಗೆ ಊರಬೇಕು, ಉಸಿರು ಬಿಗಿಹಿಡಿಯಬಾರದು ಎಂಬುದನ್ನು ಯಾವ ಕೈಪಿಡಿಯೂ ಕಲಿಸಲಾರದು. ನಾಲ್ಕು ವಾರದ ತರಬೇತಿಗಳು ನನಗೆ ಹಿಡಿಸದಿರುವುದು ಇದಕ್ಕೇ. ಕೈ ಪಳಗುವ ಹೊತ್ತಿಗೆ ಪೋಸ್ಟರ್ ಮಾಡುವ ಸಮಯ ಬಂದಿರುತ್ತದೆ. ಹತ್ತು ವಾರವಿದ್ದರೆ ಒಂದು ಪ್ರಯೋಗವನ್ನು ಎರಡು ಸಲ ಕೆಡಿಸಿ ಮೂರನೆಯ ಸಲ ಮಾಡಬಹುದು.

ಹತ್ತು ವಾರ ಮುಗಿದ ಮೇಲೆ ಅವರು ಮರಳಿ ಹೋಗುವುದು ಅದೇ ಕೈಪಿಡಿಗೆ. ಆದ್ದರಿಂದ ವಿದ್ಯಾರ್ಥಿಯ ಜೊತೆಗೆ ಆ ಕಾಲೇಜಿನ ಉಪನ್ಯಾಸಕರೊಬ್ಬರನ್ನೂ ಕರೆಯಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಉತ್ತರ ಗೊತ್ತಿಲ್ಲದ ಪ್ರಯೋಗ ಎಂದರೆ ದುಬಾರಿ ಪ್ರಯೋಗ ಎಂದೇನೂ ಅಲ್ಲ. ಅಮೆರಿಕದ ಹೊವಾರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆ 2008ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಮಣ್ಣಿನ ಮಾದರಿ ತಂದು ಅದರಿಂದ ಬ್ಯಾಕ್ಟೀರಿಯೊಫೇಜ್‌ಗಳನ್ನು, ಅಂದರೆ ಬ್ಯಾಕ್ಟೀರಿಯಗಳನ್ನು ಕೊಲ್ಲುವ ವೈರಸ್‌ಗಳನ್ನು, ಬೇರ್ಪಡಿಸುತ್ತಾರೆ. ಬೇಕಿರುವುದು ಮಣ್ಣು, ಬ್ಯಾಕ್ಟೀರಿಯ ಬೆಳೆಸುವ ಅಗಾರ್ ತಟ್ಟೆ, ತಾಳ್ಮೆ. ಸಿಗುವುದು ಹಿಂದೆ ಯಾರೂ ನೋಡಿರದ ವೈರಸ್, ಅದಕ್ಕೆ ಹೆಸರಿಡುವ ಹಕ್ಕು. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿದ್ಯಾರ್ಥಿನಿಯೊಬ್ಬಳು ಕೊಳೆತ ಬದನೆಕಾಯಿಯ ಅಡಿಯಿಂದ ತೆಗೆದ ಮಾದರಿಯಲ್ಲಿ ಒಂದು ಫೇಜ್ ಸಿಕ್ಕಿತು, 'ಮಡ್ಡಿ' ಎಂದು ಹೆಸರಿಟ್ಟರು. ಯಾವ ಪ್ರತಿಜೈವಿಕಕ್ಕೂ ಬಗ್ಗದ ಸೋಂಕಿನಿಂದ ನರಳುತ್ತಿದ್ದ ಇಂಗ್ಲೆಂಡಿನ ಹದಿಹರೆಯದ ಹುಡುಗಿಯೊಬ್ಬಳಿಗೆ ಮೂರು ಫೇಜ್‌ಗಳ ಮಿಶ್ರಣ ಕೊಟ್ಟು ಆಕೆ ಚೇತರಿಸಿಕೊಂಡ ವರದಿ 2019ರಲ್ಲಿ ಪ್ರಕಟವಾಯಿತು. ಆ ಮೂರರಲ್ಲಿ ಬದನೆಕಾಯಿಯದೂ ಒಂದು.

ಮತ್ತೆ ನೀರಿನ ಟ್ಯೂಬಿಗೆ ಬರುತ್ತೇನೆ. ಆ ಫೋಟೊವನ್ನೇ ನೋಟ್‌ಬುಕ್ಕಿಗೆ ಅಂಟಿಸಿ ದಿನಾಂಕ, ಸಮಯ ಬರೆ, ಗೆರೆ ಎಲ್ಲಿಂದ ಬಂತೆಂದು ಹುಡುಕು ಎಂದೆ. ಹೇಗೆ ಹುಡುಕಬೇಕೆಂದು ಹೇಳಲಿಲ್ಲ. ಮಾರನೆಯ ದಿನ ಅವಳೇ ಒಂದು ಪಟ್ಟಿ ತಂದಳು: ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಪುಟ್ಟ ಡಿಎನ್‌ಎ ತುಣುಕು), ಬಫರ್, ಕಿಣ್ವ, ನೀರು, ಪಿಪೆಟ್. ಪ್ರತಿ ದಿನ ಒಂದನ್ನು ಮಾತ್ರ ಹೊಸದಾಗಿ ಬದಲಿಸುತ್ತಾ, ಉಳಿದದ್ದನ್ನು ಹಾಗೆಯೇ ಇಡುತ್ತಾ ಹೋದಳು. ನಮ್ಮ ಲ್ಯಾಬಿನ ಹಿರಿಯರೊಬ್ಬರು "ನೀರಿನಲ್ಲಿ ಮಸುಕಾಗಿ ಒಂದು ಗೆರೆ ಇದ್ದೇ ಇರುತ್ತದಮ್ಮಾ, ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡ" ಎಂದರಂತೆ. ಅವಳು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ನಾಲ್ಕನೆಯ ದಿನ ಸೀಲು ಒಡೆಯದ ಹೊಸ ನೀರಿನ ಬಾಟಲಿ ತೆರೆದಳು. ಸಾಲು ಖಾಲಿಯಾಯಿತು. ಹಳೆಯ ನೀರು ಹಾಕಿ ಮತ್ತೊಮ್ಮೆ ನೋಡಿದಳು, ಗೆರೆ ಬಂತು.

ಹಳೆಯ ಬಾಟಲಿಯಿಂದಲೇ ಎಲ್ಲರೂ ತಿಂಗಳುಗಟ್ಟಲೆ ನೀರು ತೆಗೆದುಕೊಂಡಿದ್ದೆವು, ನಾನೂ ಸೇರಿ. ಯಾರದೋ ಪಿಪೆಟ್ಟಿನಿಂದ ನಾವು ಕೆಲಸ ಮಾಡುತ್ತಿದ್ದ ಜೀನೇ ಅದಕ್ಕೆ ಬಿದ್ದಿತ್ತು. ನಮ್ಮ ಎರಡು ಫಲಿತಾಂಶಗಳನ್ನು ಮತ್ತೆ ಮಾಡಿ ನೋಡಬೇಕಾಯಿತು. ಒಂದು ನಿಂತಿತು, ಒಂದು ಬಿತ್ತು. ಬಿದ್ದದ್ದನ್ನು ಪ್ರಬಂಧಕ್ಕೆ ಸೇರಿಸಲು ಸಿದ್ಧ ಮಾಡಿಕೊಂಡಿದ್ದೆವು.

ಈಗ ನೀರು ಬಂದ ದಿನವೇ ಅದನ್ನು ಪುಟ್ಟ ಟ್ಯೂಬುಗಳಿಗೆ ಹಂಚಿ ಇಡುತ್ತೇವೆ, ಒಮ್ಮೆ ತೆರೆದದ್ದನ್ನು ಸಂಜೆ ಎಸೆಯುತ್ತೇವೆ. ಫ್ರಿಜ್ಜಿನ ಬಾಗಿಲ ಮೇಲೆ ಹಾಗೆಂದು ಒಂದು ಚೀಟಿ ಇದೆ, ಅವಳ ದುಂಡನೆಯ ಅಕ್ಷರದಲ್ಲಿ. ಅಂಟು ಬಿಟ್ಟಾಗಲೆಲ್ಲ ಹಿರಿಯರು ತಾವೇ ಹೊಸ ಟೇಪು ಹಚ್ಚುತ್ತಾರೆ.