ರೀ, ಹಲ್ಲು ತಗೊಂಡ್ರಾ?

ಇಂದು ಬೆಳಿಗ್ಗೆ ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಹೊರಟು ಗೇಟು ದಾಟುವಷ್ಟರಲ್ಲಿ ಮನೆಯಾಕೆ ಒಳಗಿನಿಂದಲೇ ಕೂಗಿದಳು: "ರೀ, ಹಲ್ಲು ತಗೊಂಡ್ರಾ?" ಛತ್ರಿ, ಕನ್ನಡಕ, ಬೀಗದ ಕೈಗಳ ಸಾಲಿಗೆ ನನ್ನ ಹಲ್ಲುಸೆಟ್ಟೂ ಸೇರಿ ಎರಡು ತಿಂಗಳಾಯಿತು. ಹಾಲಿನ ಪ್ಯಾಕೆಟ್ಟು ಹಿಡಿದು ನಿಂತಿದ್ದ ಎದುರುಮನೆಯವರು ನನ್ನ ಬಾಯಿಯನ್ನೇ ನೋಡಿದ್ದರಿಂದ, ಹಲ್ಲು ಕಿರಿದು ಸಾಕ್ಷ್ಯ ಒದಗಿಸಬೇಕಾಯಿತು.

ಮೇಲಿನ ಸೆಟ್ಟು ಅಂಗುಳಿಗೆ ಅಂಟಿ ನಿಲ್ಲುವುದು ಎಂಜಲಿನ ತೆಳು ಪದರದ ಬಲದಿಂದ. ಸಕ್ಕರೆ ಕಾಯಿಲೆಯೋ ಆ ಎಂಜಲನ್ನೇ ಒಣಗಿಸುತ್ತದೆ. ಸೆಟ್ಟು ಉಜ್ಜಿ ವಸಡಿನಲ್ಲಿ ಸಾಸಿವೆಕಾಳಿನಷ್ಟು ಹುಣ್ಣಾದರೂ ಅದು ಮಾಯಲು ಪಂಚಾಂಗ ನೋಡುತ್ತದೆ. ಹುಣ್ಣು ಮಾಯುವವರೆಗೆ ಮೆತ್ತಗಿನದನ್ನೇ ತಿನ್ನಿರೆಂದು ಹಲ್ಲಿನ ಡಾಕ್ಟರು ಹೇಳಿದರೆ, ಗಂಜಿ, ಬ್ರೆಡ್ಡು ಮುಟ್ಟದೆ ಹಸಿ ಸೌತೆಕಾಯಿ, ಮೊಳಕೆಕಾಳು ತಿನ್ನಿರೆಂದು ಶುಗರ್ ಡಾಕ್ಟರು ಹೇಳುತ್ತಾರೆ. ಅಗಿಯದೆ ನುಂಗುವ ರಾಗಿಮುದ್ದೆಯೊಂದೇ ನನ್ನ ಮಾನ ಕಾಯ್ದಿದೆ. ಅದೂ ಅರ್ಧ ಮುದ್ದೆ.

ಮೂವತ್ತು ವರ್ಷ ಮಕ್ಕಳಿಗೆ "ತ ಥ ದ ಧ ನ ದಂತ್ಯಾಕ್ಷರಗಳು, ನಾಲಗೆ ಹಲ್ಲಿಗೆ ತಾಗಬೇಕು" ಎಂದು ಬೆತ್ತ ಹಿಡಿದು ಕಲಿಸಿದವನು ನಾನು. 'ಸ'ಕಾರವೂ ದಂತ್ಯವೇ ಎಂಬುದರ ಅರ್ಥ ಕಳೆದ ವಾರ ಮದುವೆಯೊಂದರ ಪಂಕ್ತಿಯಲ್ಲಿ ಆಯಿತು. ಬಡಿಸುತ್ತಿದ್ದವನು ನನ್ನ ಹಳೆಯ ಶಿಷ್ಯ. "ಮೇಷ್ಟ್ರೇ, ಪಾಯಸ" ಎಂದು ಸೌಟೆತ್ತಿದ. "ಸಕ್ಕರೆ ಇದೆ, ಸಾಕು" ಎನ್ನಲು ಹೊರಟರೆ ಮೊದಲಕ್ಷರಕ್ಕೇ ಕುಕ್ಕರಿನ ಸೀಟಿ ಹೊರಟಿತು. ಎರಡನೆಯ 'ಸ'ಕಾರಕ್ಕೆ ಮೇಲಿನ ಸೆಟ್ಟು ಅಂಗುಳಿನ ಹಂಗು ಬಿಟ್ಟಿತು. ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದೆ. ಗುರುಗಳಿಗೆ ಸಂಕೋಚವೆಂದು ಭಾವಿಸಿದ ಆ ಪುಣ್ಯಾತ್ಮ ಎರಡು ಸೌಟು ಸುರಿದ. ಬೇಡವೆಂದು ತಲೆಯಲ್ಲಾಡಿಸಿದಷ್ಟೂ ಅವನ ಭಕ್ತಿ ಉಕ್ಕಿ ಮೂರನೆಯ ಸೌಟು ಬಿತ್ತು. ಆಗ ಎದುರು ಸಾಲಿನಿಂದ ಬಂತು, ಇಡೀ ಛತ್ರಕ್ಕೆ ಕೇಳುವಂತೆ: "ರೀ, ಹಲ್ಲು ಹಾಕ್ಕೊಂಡಿದೀರಾ?"

ಚಿಕ್ಕಂದಿನಲ್ಲಿ ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಅಮ್ಮ ಹೆಂಚಿನ ಮೇಲೆಸೆಯುತ್ತಿದ್ದಳು. ಹೊಸದು ಬಂದೇ ಬರುವುದೆಂಬ ನಂಬಿಕೆಯಿಂದ ನಾನು ಕನ್ನಡಿ ನೋಡುತ್ತಿದ್ದೆ. ಈಗ ವಸಡಿಗೆ ವಿಶ್ರಾಂತಿ ಬೇಕೆಂದು, ಒಳಗೆ ಬೂಷ್ಟು ಸೋಂಕು ಹತ್ತಬಾರದೆಂದು ರಾತ್ರಿ ಸೆಟ್ಟನ್ನು ತೊಳೆದು ತಣ್ಣೀರಿನ ಚೊಂಬಿನಲ್ಲಿ ಮುಳುಗಿಸುತ್ತೇನೆ. ಚೊಂಬಿಗೆ ನೀರು ತುಂಬಿಡುವವಳು ಮನೆಯಾಕೆಯೇ ಆದ್ದರಿಂದ ಹೆಚ್ಚು ರೇಗುವಂತೆಯೂ ಇಲ್ಲ.

ಆದರೂ ಇಂದು ರಕ್ತ ಕೊಟ್ಟು ಬಂದವನೇ, ಬೀದಿಯಲ್ಲಿ ಹಲ್ಲಿನ ಹೆಸರೆತ್ತಕೂಡದೆಂದು ಖಡಾಖಂಡಿತವಾಗಿ ಹೇಳಿದೆ. ಆಕೆ ಒಪ್ಪಿದಳು. ಸಂಜೆ ವಾಕಿಂಗಿಗೆ ಹೊರಟಾಗ "ರೀ, ಅದು ತಗೊಂಡ್ರಾ?" ಎಂದಷ್ಟೇ ಕೂಗಿದಳು. ನಾನು ಮರಳುವಷ್ಟರಲ್ಲಿ 'ಅದು' ಎಂದರೆ ಏನೆಂದು ಎದುರುಮನೆಯವರು ಆಕೆಯನ್ನೇ ಕೇಳಿ ತಿಳಿದುಕೊಂಡಿದ್ದರು.