ಹಳೇ ಕಾರು ಮಾರಿದರೆ ಶೇ 18 ಜಿಎಸ್‌ಟಿ? ಮನೆಯ ಕಾರಿಗೆ ಇಲ್ಲ

'ಕಾರು 12 ಲಕ್ಷಕ್ಕೆ ತಗೊಂಡು 9 ಲಕ್ಷಕ್ಕೆ ಮಾರಿದರೆ, ಕಳೆದುಕೊಂಡ 3 ಲಕ್ಷದ ಮೇಲೂ ಶೇ 18 ತೆರಿಗೆ ಕಟ್ಟಬೇಕು' ಅನ್ನೋ ವಾಟ್ಸಾಪ್ ಸಂದೇಶ ಮತ್ತೆ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಮುಂದೆ ಕಳಿಸಬೇಡಿ.

2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ಆಗಿದ್ದು ಇಷ್ಟೇ. ಹಳೇ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ದೊಡ್ಡವಕ್ಕೆ ಶೇ 18 ಮೊದಲೇ ಇತ್ತು, ಸಣ್ಣವಕ್ಕೆ ಶೇ 12 ಇತ್ತು, ಈಗ ಎಲೆಕ್ಟ್ರಿಕ್ ಕಾರೂ ಸೇರಿ ಎಲ್ಲಕ್ಕೂ ಶೇ 18 ಅಂತ ತೀರ್ಮಾನವಾಯಿತು. ಕಟ್ಟಬೇಕಾದವರು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳು. ಅದೂ ಕಾರಿನ ಪೂರ್ತಿ ಬೆಲೆಯ ಮೇಲಲ್ಲ, ಅವರಿಗೆ ಸಿಕ್ಕ ಲಾಭದ ಮೇಲೆ ಮಾತ್ರ.

ಡೀಲರ್ 3 ಲಕ್ಷಕ್ಕೆ ಕೊಂಡು 3.40 ಲಕ್ಷಕ್ಕೆ ಮಾರಿದ ಅಂದುಕೊಳ್ಳಿ. ತೆರಿಗೆ 40 ಸಾವಿರದ ಮೇಲೆ, ಅಂದರೆ 7,200 ರೂಪಾಯಿ. ನಷ್ಟಕ್ಕೆ ಮಾರಿದರೆ ಏನೂ ಇಲ್ಲ. ನೀವು ನಿಮ್ಮ ಮನೆಯ ಕಾರನ್ನು ಪಕ್ಕದ ಮನೆಯವರಿಗೆ ಮಾರಿದರೂ ಜಿಎಸ್‌ಟಿ ಇಲ್ಲ.

ಒಂದು ಮಾತು ಮಾತ್ರ ಗಮನಿಸಿ. ವ್ಯವಹಾರದ ಹೆಸರಲ್ಲಿ ಕಾರು ಇಟ್ಟು ಆದಾಯ ತೆರಿಗೆಯಲ್ಲಿ ಸವಕಳಿ (ಕಾರು ಹಳೆಯದಾದಂತೆ ಇಳಿಯುವ ಬೆಲೆ) ತೋರಿಸಿದ ಜಿಎಸ್‌ಟಿ ನೋಂದಾಯಿತರಿಗೆ ಲೆಕ್ಕ ಬೇರೆ, ಸವಕಳಿ ಕಳೆದು ಉಳಿದ ಮೌಲ್ಯಕ್ಕಿಂತ ಜಾಸ್ತಿಗೆ ಮಾರಿದರೆ ಆ ಜಾಸ್ತಿ ಮೊತ್ತಕ್ಕೆ ತೆರಿಗೆ ಬರುತ್ತದೆ.

ಈ ಸಂದೇಶಕ್ಕೆ ಹೆದರಿ ಯಾರೂ ಕಾರನ್ನು ಸಿಕ್ಕಿದ ಬೆಲೆಗೆ ಕೊಡಬೇಡಿ. ಮಧ್ಯವರ್ತಿ 'ಜಿಎಸ್‌ಟಿ ಹೋಗುತ್ತೆ' ಅಂತ ನಿಮ್ಮ ದುಡ್ಡಲ್ಲಿ ಹಿಡಿದುಕೊಂಡರೆ, ಯಾವ ಲೆಕ್ಕ ಅಂತ ಬರೆಸಿಕೊಂಡು ಕೇಳಿ.