ಕೋಕಂ ಬಾಟಲಿಯ ಬೆನ್ನು

ರಜೆಗೆಂದು ಶಿರಸಿಗೆ ಬಂದವನು ಪೇಟೆಯ ಅಂಗಡಿಯಲ್ಲಿ ಕೋಕಂ ಸಿರಪ್ಪಿನ ಬಾಟಲಿಯನ್ನು ತಿರುಗಿಸಿ ಹಿಂಬದಿ ಓದುತ್ತ ನಿಂತಿದ್ದೆ. ಅಂಗಡಿಯವರಿಗೆ ಅದು ಸರಿಬರಲಿಲ್ಲ. "ತಾರೀಖು ಸರಿ ಇದೆ ತಮಾ, ಮೊನ್ನೆ ಬಂದ ಮಾಲು" ಎಂದರು. ತಾರೀಖಲ್ಲ, ಸಕ್ಕರೆ ನೋಡುತ್ತಿದ್ದೇನೆ ಎಂದೆ. "ಸಿರಪ್ಪಿನಲ್ಲಿ ಸಕ್ಕರೆ ಇರದೆ ಉಪ್ಪು ಇರುತ್ತದೆಯೇ?" ಪಕ್ಕದಲ್ಲಿ ಹಪ್ಪಳ ಆರಿಸುತ್ತಿದ್ದವರೂ ನಕ್ಕರು.

ನನಗೆ ನಗು ಬರಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಚಹಾ ಸಪ್ಪೆ, ಊಟಕ್ಕೆ ಹೋದಲ್ಲಿ ಹೋಳಿಗೆ ಅರ್ಧವೇ. ಆದರೆ ಬಿಸಿಲಲ್ಲಿ ತೋಟದಿಂದ ಬಂದ ಕೂಡಲೇ ಒಂದು ಲೋಟ ಕೋಕಂ ಆಗಲೇಬೇಕು. "ಅದು ಹಣ್ಣಿನದ್ದಲ್ಲವೇ, ಪಿತ್ತಕ್ಕೆ ತಂಪು" ಎನ್ನುತ್ತಾಳೆ ಆಯಿ. ಬಾಟಲಿಯ ಮುಂದೆ ಕೆಂಪಗಿನ ಮುರುಗಲು, ಅಂದರೆ ಕೋಕಂ, ಹಣ್ಣಿನ ಚಿತ್ರ. ಹಿಂದೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಮೊದಲ ಹೆಸರು ಸಕ್ಕರೆ, ಮುರುಗಲಿನದು ಮೂರನೆಯದು. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. 100 ಮಿಲಿಲೀಟರಿಗೆ 60 ಗ್ರಾಂ ಸಕ್ಕರೆ. ಕಂಪನಿಯವರ ಪ್ರಕಾರ ಒಂದು ಸಲಕ್ಕೆ 25 ಮಿಲಿಲೀಟರ್, ಆಯಿಯದು ಕಣ್ಣಳತೆ. ಮನೆಗೆ ಬಂದು ಅಳೆದೆ: 50. ಲೋಟಕ್ಕೆ 30 ಗ್ರಾಂ, ಅಂದರೆ ಆರು ಚಮಚ ಸಕ್ಕರೆ. ನಮ್ಮದೇ ಲೇಬಲ್ ನಿಯಮ ಇಡೀ ದಿನದ ಲೆಕ್ಕಕ್ಕೆ ಹಿಡಿದಿರುವುದು 50 ಗ್ರಾಂ, ಅದೂ ಕಾಯಿಲೆ ಇಲ್ಲದವರಿಗೆ.

ನಾನಿರುವ ಸಿಂಗಪುರದಲ್ಲಿ ಈ ಗುಣಾಕಾರ ಬೇಕಿಲ್ಲ. 2022ರ ಡಿಸೆಂಬರ್ ಕೊನೆಯಿಂದ ಅಲ್ಲಿ ಪಾನೀಯಗಳಿಗೆ ಎ, ಬಿ, ಸಿ, ಡಿ ಎಂದು ದರ್ಜೆ. 100 ಮಿಲಿಲೀಟರಿನಲ್ಲಿ 10 ಗ್ರಾಂಗಿಂತ ಹೆಚ್ಚು ಸಕ್ಕರೆ ಇದ್ದರೆ ಡಿ. ಸಿ ಮತ್ತು ಡಿ ದರ್ಜೆಯವು ಅಕ್ಷರವನ್ನು ಮುಖದ ಮೇಲೇ ಹಚ್ಚಿಕೊಳ್ಳಬೇಕು. ಡಿ ಬಂದದ್ದಕ್ಕೆ ಜಾಹೀರಾತೂ ಇಲ್ಲ. ಕಚೇರಿಯವರೊಡನೆ ಸಾಲಿನಲ್ಲಿ ನಿಂತು ಡಿ ಎತ್ತಿಕೊಳ್ಳಲು ಕೈ ಹಿಂಜರಿಯುತ್ತದೆ, ಮಾಸ್ತರರು ಉತ್ತರಪತ್ರಿಕೆ ಹಿಡಿದು ಹಿಂದೆ ನಿಂತ ಹಾಗೆ. ಆಯಿಯ ಕಾಲು ಲೀಟರ್ ಲೋಟಕ್ಕೆ ಅದೇ ಲೆಕ್ಕ ಹಾಕಿದೆ. 100 ಮಿಲಿಲೀಟರಿಗೆ 12 ಗ್ರಾಂ. ಡಿ.

ನಮ್ಮವರು ಲೇಬಲ್ ನೋಡುವುದಿಲ್ಲ ಎಂದರೆ ಅದು ಸುಳ್ಳು. ಆಯಿ ಯಾವ ಬಿಸ್ಕೆಟ್ ಪೊಟ್ಟಣವನ್ನೂ ಹಸಿರು ಚುಕ್ಕೆ ಕಾಣದೆ ಒಳಗೆ ಬಿಟ್ಟವಳಲ್ಲ. ಕನ್ನಡಕವಿಲ್ಲದೆ, ಇಂಗ್ಲಿಷ್ ಬಾರದೆ, ಒಂದೇ ನೋಟಕ್ಕೆ ತೀರ್ಮಾನ. ಮಡಿಗೆ ಒಂದು ಚುಕ್ಕೆ ಮುಂದೆ ಬರುವುದಾದರೆ ಸಕ್ಕರೆಗೆ ಯಾಕೆ ಬರಬಾರದು? ನಾಲ್ಕನೇ ಇಯತ್ತೆ ಓದಿದವಳಿಂದ ಬೆನ್ನ ಮೇಲಿನ ಕೋಷ್ಟಕ ಓದಿಸಿ ಗುಣಾಕಾರ ಮಾಡಿಸುವುದು ಯಾವ ನ್ಯಾಯ ಎಂದು ಮೂರು ದಿನ ಮನೆಯಲ್ಲಿ ಭಾಷಣ ಮಾಡಿದೆ. ಅಪ್ಪ ಕೇಳಿಸಿಕೊಳ್ಳುತ್ತ ಕವಳ ಹಾಕಿದ.

ನಾಲ್ಕನೆಯ ದಿನ ಆಯಿ ಪೇಟೆಯ ಬಾಟಲಿಯನ್ನು ಬದಿಗಿಟ್ಟು, ಒಣಗಿಸಿಟ್ಟ ಮುರುಗಲು ಸಿಪ್ಪೆ ನೆನೆಹಾಕಿ, ಕಿವುಚಿ, ಉಪ್ಪು, ಜೀರಿಗೆ ಹಾಕಿ ಕೊಟ್ಟಳು. ಬೆಲ್ಲ ತೋರಿಕೆಗಷ್ಟೇ. ಅದಕ್ಕೆ ಯಾವ ದರ್ಜೆಯೂ ಬೇಕಿರಲಿಲ್ಲ, ಒಪ್ಪಿದೆ. ಸಿಂಗಪುರದ ಅಕ್ಷರ ಸದ್ಯ ಪಾನೀಯಕ್ಕಷ್ಟೇ. ಅಲ್ಲಿ ರಾತ್ರಿ ನಾನು ಬೇಯಿಸಿಕೊಳ್ಳುವ ನೂಡಲ್ಸಿನ ಉಪ್ಪನ್ನು ಎಂದೂ ನೋಡಿದವನಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಅಂದೇ ಸಂಜೆ ಅಣ್ಣನ ಮಕ್ಕಳಿಗೆಂದು ನಾನು ತಂದಿದ್ದ ಮೆತ್ತನೆಯ ಮಿಠಾಯಿಯ ಪೊಟ್ಟಣವನ್ನು ಆಯಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಚುಕ್ಕೆಯೇ ಇಲ್ಲವಲ್ಲೋ" ಎಂದಳು. ಸಕ್ಕರೆ ಕಡಿಮೆ ಎಂದು ನಾನೇ ಆರಿಸಿದ್ದು, ತಿಂಗಳುಗಟ್ಟಲೆ ನಾನೇ ತಿಂದದ್ದು. ದೀಪದ ಕೆಳಗೆ ಹಿಡಿದು ಓದಿದೆ. ಮೂರನೆಯ ಹೆಸರು ಜೆಲಟಿನ್, ಪ್ರಾಣಿಗಳ ಎಲುಬು, ತೊಗಲಿನಿಂದ ತೆಗೆದದ್ದು. ಪೊಟ್ಟಣ ಆ ರಾತ್ರಿ ಜಗಲಿಯ ಹೊರಗೇ ಮಲಗಿತು.